ಹೊಸೂರಿನ ಗ್ಯಾರೇಜು ಓಣಿ

ಬೆಂಗಳೂರಿನಿಂದ ಸುಮಾರು 40 ಕಿ.ಮೀ. ದೂರದ ಹೊಸೂರಿನಲ್ಲಿ ಬೆಟ್ಟದ ಮೇಲೆ ಚಂದ್ರಚೂಡೇಶ್ವರನ ಗುಡಿ, ಕೆಳಗೆ ಸಿಪ್‌ಕಾಟ್ ಕಾರ್ಖಾನೆಗಳು. ಊರೊಳಗಿನ ಗ್ಯಾರೇಜುಗಳಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ಬೆರೆತೇ ಕೇಳಿಸುತ್ತವೆ.

ಅಂಥದೊಂದು ಗ್ಯಾರೇಜಿನಲ್ಲಿ ಪೆಟ್ರೋಲ್ ವ್ಯಾನಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಜೋಡಿಸುವುದನ್ನು ಕಂಡೆ. ಉಕ್ಕಿನ ಕವಚದೊಳಗೆ ಜೇನುಗೂಡಿನಂಥ ಪಿಂಗಾಣಿ. ಅದರ ಗೋಡೆಗಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂಗಳ ತೆಳು ಲೇಪ. ಹೊಗೆಯಲ್ಲಿರುವ ವಿಷಕಾರಿ ಕಾರ್ಬನ್ ಮಾನಾಕ್ಸೈಡು ಇಲ್ಲಿ ಕಾರ್ಬನ್ ಡೈಆಕ್ಸೈಡಾಗುತ್ತದೆ. ಸಾರಜನಕದ ಆಕ್ಸೈಡುಗಳು ಒಡೆದು ಸಾರಜನಕವಾಗುತ್ತವೆ. ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾವೇರಿದ ಮೇಲೆಯೇ ಈ ಕ್ರಿಯೆ ಚುರುಕಾಗುವುದರಿಂದ ಅದರ ಸ್ಥಾನ ಎಂಜಿನ್ನಿನ ಸಮೀಪ.

ಕೊಳವೆ ತಣಿದ ಬಳಿಕ ಮೇಸ್ತ್ರಿ ಹಳೆಯ ಗ್ಯಾಸ್ಕೆಟ್ ಕೆರೆದು ಹೊಸದನ್ನಿಟ್ಟರು. ಕವಚದ ಮೇಲಿನ ಬಾಣ ಸೈಲೆನ್ಸರ್ ಕಡೆಗಿರುವಂತೆ ಕೂರಿಸಿ, ರಬ್ಬರ್ ತೂಗುಗಳಿಗೆ ಭಾರ ಬಿಟ್ಟು, ಕೊಳವೆ ಎಳೆತವಿಲ್ಲದೆ ನಿಂತಮೇಲೆಯೇ ಬೋಲ್ಟುಗಳನ್ನು ಬಿಗಿದರು. ಬಳಿಕ ಆಕ್ಸಿಜನ್ ಸೆನ್ಸರ್, ಶಾಖತಡೆಯ ತಗಡು. ಎಂಜಿನ್ ಚಾಲೂ ಮಾಡಿ ಕೀಲುಗಳಲ್ಲಿ ಸೋರಿಕೆಯ ಸದ್ದಿಗೆ ಕಿವಿಗೊಟ್ಟರು: ಸೆನ್ಸರಿನ ಮುಂಚೆ ಸೋರಿದರೆ ಹೊರಗಾಳಿ ಸೇರಿ ಅದು ತಪ್ಪು ಲೆಕ್ಕ ಕೊಡುತ್ತದೆ.

1995ರ ಏಪ್ರಿಲ್‌ನಿಂದ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದು ಕಡ್ಡಾಯವಾಯಿತು. ಆದರೂ ಖರ್ಚಿಗಂಜಿ ಇದನ್ನು ತೆಗೆಸಿ ಬರಿಯ ಕೊಳವೆ ಬೆಸೆಸುವವರಿದ್ದಾರೆ. ತಯಾರಕರ ನಮೂನೆಗೆ ವ್ಯತಿರಿಕ್ತವಾದ ಮಾರ್ಪಾಡನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಂ ನಿಷೇಧಿಸುತ್ತದೆ. ಕಾಯಿದೆಗಿಂತ ದೊಡ್ಡ ಮಾತೊಂದಿದೆ: ಶಾಲೆಯ ಬಾಗಿಲಲ್ಲಿ ಎಂಜಿನ್ ಆರಿಸದೆ ನಿಂತ ವ್ಯಾನಿನ ಹೊಗೆ ದೊಡ್ಡವರಿಗಿಂತ ಮೊದಲು ತಲುಪುವುದು ಮಕ್ಕಳ ಮೂಗಿಗೆ. ಪೋಷಕರು ವ್ಯಾನಿನ ಬಾಡಿಗೆಯನ್ನು ವಿಚಾರಿಸುವಾಗ ಇದನ್ನೂ ವಿಚಾರಿಸಲಿ.