ಅನಾನಸಿನ ಅಂಗಿ

ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಅನಾನಸಿನ ಎಲೆಯ ನಾರಿನಿಂದ ನೇಯ್ದ ಅಂಗಿಯೊಂದುಂಟು. ‘ಬರೋಂಗ್’ ಎಂದು ಅದರ ಹೆಸರು. ಒಡೆದ ಪಿಂಗಾಣಿ ತಟ್ಟೆಯ ಚೂರಿನಿಂದ ಎಲೆಯನ್ನು ಕೆರೆದು, ದೊರೆತ ಎಳೆಗಳನ್ನು ಒಂದೊಂದಾಗಿ ಗಂಟಿಕ್ಕಿ ಮಗ್ಗಕ್ಕೇರಿಸುವರು. ಬಟ್ಟೆ ಒಳಗಿನದೆಲ್ಲ ಕಾಣುವಷ್ಟು ತೆಳು.

ಜನರು ಒಳಗೇನನ್ನೂ ಬಚ್ಚಿಡದಿರಲೆಂದು ಸ್ಪೇನಿನ ಆಳರಸರೇ ಇಂತಹ ಅಂಗಿಯನ್ನು, ಅದನ್ನೂ ಹೊರಬಿಟ್ಟೇ, ತೊಡುವಂತೆ ವಿಧಿಸಿದರೆಂದು ಅಲ್ಲೊಂದು ಕತೆಯಿದೆ. ನಾನೂ ಬಹುಕಾಲ ನಂಬಿದ್ದೆ. ಅಂತಹ ಶಾಸನಕ್ಕೆ ಆಧಾರವೇ ಇಲ್ಲವೆಂದು ತಿಳಿದಾಗ ತುಸು ಬೇಸರವೇ ಆಯಿತು. ಸೆಕೆಯ ನಾಡಿನಲ್ಲಿ ಅಂಗಿಯನ್ನು ಹೊರಬಿಡಲು ಅರಸನ ಅಪ್ಪಣೆ ಬೇಕೆ? ಆದರೂ ಮುನ್ನೂರು ವರ್ಷಗಳಿಗೂ ಮಿಕ್ಕಿ ಪರರ ಆಳ್ವಿಕೆಯನ್ನು ಕಂಡ ಜನಕ್ಕೆ ಆ ಕತೆ ಬೇಕಾಗಿತ್ತು. ಅವಮಾನವನ್ನೇ ಉಡುಗೆಯಾಗಿಸಿ ಗೆದ್ದೆವೆಂಬ ಹೆಮ್ಮೆ ಅದರಲ್ಲಿತ್ತು.

1953ರ ಡಿಸೆಂಬರ್ 30ರಂದು ರಮೋನ್ ಮ್ಯಾಗ್ಸೆಸೆ ಕೋಟನ್ನು ಬದಿಗಿರಿಸಿ, ಬರೋಂಗ್ ತೊಟ್ಟು ರಾಷ್ಟ್ರಾಧ್ಯಕ್ಷರಾಗಿ ಪ್ರಮಾಣವಚನ ಸ್ವೀಕರಿಸಿದರು. ಅಂಗಿ ಅಂದೂ ಹೊರಗೇ ಇತ್ತು.