ಸ್ವಲ್ಪ ಅಡ್ಜಸ್ಟ್ ಮಾಡ್ರಿ

ಗದಗದಿಂದ ಗಜೇಂದ್ರಗಡಕ್ಕೆ ಹೊರಟ ಬಸ್ಸು ನರೇಗಲ್ಲಿನಲ್ಲಿ ನಿಂತಿತೆಂದರೆ ಸೀಟುಗಳ ನಡುವೆ ಒಂದು ಇಂಗ್ಲಿಷ್ ಕ್ರಿಯಾಪದ ಓಡಾಡತೊಡಗುತ್ತದೆ. ಸಂತೆಯ ಚೀಲ ಹೊತ್ತು ಹತ್ತಿದ ಮುದುಕಿ ಮೂವರ ಸೀಟಿನ ಅಂಚಿಗೆ ಬಂದು, ‘ತಮ್ಮಾ, ಸ್ವಲ್ಪ ಅಡ್ಜಸ್ಟ್ ಮಾಡಪಾ’ ಅನ್ನುತ್ತಾಳೆ. ಕಿಟಕಿಯವನು ಕಿಟಕಿಗೆ ಒತ್ತುತ್ತಾನೆ, ನಡುವಿನವನು ಮೊಣಕೈ ಮಡಚುತ್ತಾನೆ, ತುದಿಯವನು ಮೈ ಓರೆ ಮಾಡುತ್ತಾನೆ. ಇಲ್ಲದ ಜಾಗ ನಾಲ್ಕು ಬೆರಳಷ್ಟು ಹುಟ್ಟುತ್ತದೆ. ಮುದುಕಿ ಕೂತು, ಚೀಲವನ್ನು ಕಾಲಬುಡಕ್ಕಿಟ್ಟು, ‘ಯಾವೂರಪಾ ನಿಂದು?’ ಎಂದು ಮಾತು ಶುರು ಮಾಡುತ್ತಾಳೆ.

ಆ ಪದದ ಹುಟ್ಟು ಹುಡುಕಿದಾಗ ನನಗೆ ಮುದುಕಿಯೇ ನೆನಪಾದಳು. ಲ್ಯಾಟಿನ್ನಿನಲ್ಲಿ ‘ಅಡ್’ ಎಂದರೆ ಕಡೆಗೆ, ‘ಯುಕ್ಸ್ತಾ’ ಎಂದರೆ ಪಕ್ಕ. ಎರಡೂ ಕೂಡಿದರೆ ಪಕ್ಕಕ್ಕೆ ತರುವುದು, ಹತ್ತಿರ ಮಾಡುವುದು. ಫ್ರೆಂಚರ ಬಾಯಲ್ಲಿ ಸವೆದು ಅದು ಇಂಗ್ಲಿಷಿಗೆ ಬಂತು. ಬರುವ ದಾರಿಯಲ್ಲಿ ನ್ಯಾಯವೆಂಬರ್ಥದ ‘ಯುಸ್ತುಸ್’ ಎಂಬ ಬೇರೊಂದು ಲ್ಯಾಟಿನ್ ಪದದ ನೆರಳು ಬಿದ್ದು, ಸರಿಪಡಿಸುವ ಅರ್ಥ ಗಟ್ಟಿಯಾಯಿತು. ನಮ್ಮ ‘ಸರಿ’ಯನ್ನು ನೋಡಿ. ಕ್ರಿಯಾಪದವಾದರೆ ಪಕ್ಕಕ್ಕೆ ಜರುಗು, ಗುಣವಾಚಕವಾದರೆ ನ್ಯಾಯವಾದದ್ದು! ಅಲ್ಲಿ ಎರಡು ಪದ ಬೆರೆತು ಪಡೆದ ಅರ್ಥಗಳು ಇಲ್ಲಿ ಎರಡೇ ಅಕ್ಷರದಲ್ಲಿ ಮೊದಲೇ ಕೂತಿದ್ದವು. ಮುದುಕಿಯ ಅಜ್ಜಿ ‘ಸ್ವಲ್ಪ ಸರಿಯಪಾ’ ಅಂದಿದ್ದರೂ ಬೇಕಾದದ್ದೆಲ್ಲ ಅದರಲ್ಲಿತ್ತು.

ಇಂಗ್ಲಿಷಿನಿಂದ ಬಂದ ಕ್ರಿಯಾಪದ ಕನ್ನಡದಲ್ಲಿ ಒಂಟಿಯಾಗಿ ನಿಲ್ಲುವುದಿಲ್ಲ, ‘ಮಾಡು’ವಿನ ಹೆಗಲು ಬೇಕು. ಗ್ಯಾರೇಜಿನಲ್ಲಿ ಬ್ರೇಕ್ ಅಡ್ಜಸ್ಟ್ ಮಾಡುತ್ತಾರೆ, ಟೇಲರ್ ರವಿಕೆಯ ತೋಳು ಅಡ್ಜಸ್ಟ್ ಮಾಡುತ್ತಾನೆ. ಅಲ್ಲೆಲ್ಲ ಪದ ತಣ್ಣಗಿದೆ. ಅದೇ ‘ಮಾಡು’ ಹೋಗಿ ‘ಮಾಡಿಕೊ’ ಆದ ಕೂಡಲೇ ನನಗೆ ಕಸಿವಿಸಿ. ‘ಕೊಳ್ಳು’ ಸೇರಿತೆಂದರೆ ಕೆಲಸದ ಭಾರ ತಿರುಗಿ ಮಾಡುವವರ ಮೈಮೇಲೆಯೇ ಬೀಳುತ್ತದೆ. ಮದುವೆಯಾಗಿ ಹೊರಟ ಹುಡುಗಿಯ ತಲೆ ಸವರಿ ಹಿರಿಯರು ಹೇಳುವುದು ಈ ರೂಪದಲ್ಲೇ: ‘ಅಡ್ಜಸ್ಟ್ ಮಾಡ್ಕೊಂಡು ಹೋಗವ್ವಾ.’ ನಮ್ಮ ಮನೆಯಲ್ಲೂ ಹೇಳಿದ್ದಾರೆ, ನಾನೂ ಪಕ್ಕದಲ್ಲಿ ನಿಂತು ತಲೆಯಾಡಿಸಿದ್ದೇನೆ. ಅಳಿಯನಿಗೆ ಆ ಮಾತು ಹೇಳಿದ್ದನ್ನು ಮಾತ್ರ ಕೇಳಿಲ್ಲ.

ಬಸ್ಸಿನಲ್ಲಿ ಮೂವರೂ ಸರಿದದ್ದಕ್ಕೇ ನಾಲ್ಕನೆಯವಳಿಗೆ ಜಾಗ ಆಯಿತು. ಆಕೆಗಷ್ಟೇ ಮುದುಡಿಕೊ ಅಂದಿದ್ದರೆ ಗಜೇಂದ್ರಗಡದವರೆಗೂ ನಿಂತೇ ಹೋಗಬೇಕಿತ್ತು. ಹೊಸ ಸೊಸೆ ಮನೆಗೆ ಬರುವ ದಿನ ಅತ್ತೆ, ಮಾವ, ಗಂಡ ಮೂವರೂ ಮೊದಲು ನಾಲ್ಕು ಬೆರಳು ಸರಿದು ಕೂರಿ.