ರಾಗಿ ಕಾಳಿನಷ್ಟು ಗಡಿಯಾರ

ಒಂದು ರಾಗಿ ಕಾಳಿನ ಮೇಲೆ ಗಡಿಯಾರದ ಮುಖ ಅಂಟಿಸಬೇಕು ಅಂದುಕೊಳ್ಳಿ. ಬರೀ ದುಂಡು ಕಾಗದ ಅಲ್ಲ. ಅದರಲ್ಲಿ ಅಂಕಿ ಇರಬೇಕು, ಗೆರೆ ಇರಬೇಕು, ಸೂಜಿಯೂ ಇರಬೇಕು. ಕಳೆದ ಕೆಲವು ತಿಂಗಳಿಂದ ನಾವು ಮೂವರು ಸಂಜೆ ಹೊತ್ತು ಕೂತು ಮಾಡಿದ್ದು ಇದೇ ಕೆಲಸ.

ಮಾಡುತ್ತಿದ್ದದ್ದು ಮಿಗ್-21 ಯುದ್ಧವಿಮಾನದ ಪುಟ್ಟ ಮಾದರಿ. ಜೆಕ್ ದೇಶದ ಎಡುವಾರ್ಡ್ ಕಂಪನಿಯ ಕಿಟ್ಟು. ಬೆಲೆ ಕೇಳಿ ಮನೆಗಳಲ್ಲಿ ಬೈದರು, ಮೂವರೂ ಹಂಚಿಕೊಂಡೆವು. ಅಸಲಿ ವಿಮಾನದ 48ರಲ್ಲಿ ಒಂದು ಪಾಲು ಅಳತೆ. ಉದ್ದ ಸುಮಾರು ಒಂದು ಅಡಿ, ರೆಕ್ಕೆಯ ಈ ತುದಿಯಿಂದ ಆ ತುದಿಗೆ ಒಂದು ಗೇಣೂ ಇಲ್ಲ. ಪೈಲಟ್ ಮುಂದೆ ಇರುವ 80 ಮಿಲಿಮೀಟರ್ ಅಗಲದ ಗಡಿಯಾರವನ್ನು 48ರಿಂದ ಭಾಗಿಸಿ ನೋಡಿ, 1.7 ಮಿಲಿಮೀಟರ್ ಕೂಡ ಬರುವುದಿಲ್ಲ. ಅದಕ್ಕೇ ರಾಗಿ ಕಾಳು ಅಂದದ್ದು.

ಈ ಗಡಿಯಾರಗಳು ಡಿಕಾಲ್ ಹಾಳೆಯಲ್ಲಿ ಅಚ್ಚಾಗಿ ಬರುತ್ತವೆ. ಚಿಕ್ಕವರಿದ್ದಾಗ ಬಬಲ್‌ಗಮ್ ಜೊತೆ ಬರುತ್ತಿದ್ದ, ನೀರು ಹಚ್ಚಿ ಕೈಗೆ ಒತ್ತುತ್ತಿದ್ದ ಚಿತ್ರಗಳು ನೆನಪಿದೆಯಾ? ಹೆಚ್ಚು ಕಡಿಮೆ ಅದರ ಅಣ್ಣ. ಕಾಗದದ ಮೇಲೆ ನೀರಲ್ಲಿ ಕರಗುವ ಅಂಟು, ಅಂಟಿನ ಮೇಲೆ ತೆಳ್ಳನೆಯ ಪೊರೆ, ಪೊರೆಯ ಮೇಲೆ ಚಿತ್ರ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿ ತೆಗೆದು ಒಂದು ನಿಮಿಷ ಬಿಟ್ಟರೆ ಅಂಟು ಸಡಿಲಾಗಿ ಪೊರೆ ಜಾರುತ್ತದೆ. ಒದ್ದೆ ಬ್ರಷ್ಷಿನ ತುದಿಯಿಂದ ಅದನ್ನು ಜಾಗಕ್ಕೆ ಜಾರಿಸಬೇಕು. ಪೂರ್ತಿ ಒಣಗುವ ಮೊದಲು ತೆಂಗಿನ ಗರಿಯ ಕಡ್ಡಿಯಿಂದ ಕೂದಲೆಳೆಯಷ್ಟು ಆಚೀಚೆ ಸರಿಸಬಹುದು. ಫ್ಯಾನ್ ಹಾಕಬಾರದು. ಜೋರಾಗಿ ಮಾತಾಡಿದರೂ ಗಡಿಯಾರ ಹಾರಿಹೋಗುತ್ತದೆ, ಹೋದರೆ ಸಿಗುವುದಿಲ್ಲ.

ನಮ್ಮ ಶಿರಾ ಸೀಮೆಯ ಬೋರ್‌ವೆಲ್ ನೀರು ಇದಕ್ಕೆ ಆಗಿಬರುವುದಿಲ್ಲ. ಬಿಂದಿಗೆಯ ತಳದಲ್ಲಿ ಕಟ್ಟುವ ಬಿಳಿ ಪೊರೆ ನಿಮಗೆ ಗೊತ್ತಲ್ಲ, ಅದೇ ಪೊರೆ ಪುಟ್ಟ ಗಡಿಯಾರದ ಕಪ್ಪು ಮುಖದ ಮೇಲೂ ಒಣಗಿ ಕೂರುತ್ತದೆ. ಕುಡಿಯುವ ನೀರಿನ ಘಟಕದಿಂದ ತಂದ ನೀರಲ್ಲೇ ಅದ್ದುತ್ತಿದ್ದೆವು. ಅಂಟಿಸುವ ಜಾಗವೂ ನುಣ್ಣಗೆ, ಹೊಳಪಾಗಿ ಇರಬೇಕು. ಒರಟು ಬಣ್ಣದ ಮೇಲೆ ಅಂಟಿಸಿದರೆ ಪೊರೆಯಡಿ ಗಾಳಿ ಸಿಕ್ಕಿಕೊಂಡು ಬೆಳ್ಳಗೆ ಮಿಂಚುತ್ತದೆ. ಆದ್ದರಿಂದ ಮೊದಲು ಹೊಳಪಿನ ವಾರ್ನಿಷ್, ಆಮೇಲೆ ಡಿಕಾಲ್, ಅದರ ಮೇಲೆ ಪೊರೆ ಮೆತ್ತಗಾಗಿಸುವ ದ್ರಾವಣ. ಈ ದ್ರಾವಣ ತಾಗಿದ ಕೂಡಲೇ ಡಿಕಾಲ್ ಸುಟ್ಟ ಹಪ್ಪಳದ ಹಾಗೆ ಮುದುರಿಕೊಳ್ಳುತ್ತದೆ. ನೋಡಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಮುಟ್ಟಬಾರದು. ಅರ್ಧ ಗಂಟೆ ಬಿಟ್ಟರೆ ತಾನೇ ಚಪ್ಪಟೆಯಾಗಿ, ಕೆಳಗಿನ ಉಬ್ಬು ತಗ್ಗಿಗೆ ಚರ್ಮದ ಹಾಗೆ ಹೊಂದಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿ ಮೇಲೆ ಗಾಜಿನ ಮುಚ್ಚಳ ಕೂರಿಸಿದರೆ ಒಳಗಿನದು ಸರಿಯಾಗಿ ಕಾಣುವುದೂ ಇಲ್ಲ. ಯಾರಿಗಾಗಿ ಈ ಕಷ್ಟ ಅಂತ ಕೇಳಿದವರು ಬಹಳ ಮಂದಿ.

ನಮ್ಮಲ್ಲೊಬ್ಬಳ ದೊಡ್ಡಪ್ಪನಿಗಾಗಿ. ಅವರು 1974ರಲ್ಲಿ ವಾಯುಪಡೆ ಸೇರಿ 15 ವರ್ಷ ಇದ್ದವರು. ಹಾರಿಸುವವರಲ್ಲ, ಇನ್‌ಸ್ಟ್ರುಮೆಂಟ್ ಫಿಟ್ಟರ್. ಮಿಗ್‌ನ ಈ ಗಡಿಯಾರಗಳನ್ನು ಬಿಚ್ಚಿ, ಪರೀಕ್ಷಿಸಿ, ಮತ್ತೆ ಕೂರಿಸುವ ಕೆಲಸ. 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್-21ಕ್ಕೆ ವಿದಾಯ ಹೇಳಿದ್ದನ್ನು ಅವರ ಮನೆಯಲ್ಲೇ ಕೂತು ಫೋನಿನಲ್ಲಿ ನೋಡಿದೆವು. 1963ರಿಂದ ನಮ್ಮ ವಾಯುಪಡೆಯಲ್ಲಿದ್ದ ವಿಮಾನ. ದೊಡ್ಡಪ್ಪ ನೋಡಲಿಲ್ಲ, ಕೇಳಿಸಿಕೊಂಡರು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದು ಅವರಿಗೆ ದೊಡ್ಡ ಅಕ್ಷರ ಬಿಟ್ಟರೆ ಏನೂ ಕಾಣುವುದಿಲ್ಲ. ಉಳಿದಿರುವ ದೃಷ್ಟಿ ಎಷ್ಟು ದಿನವೋ ಅಂತ ಡಾಕ್ಟರೂ ಹೇಳುತ್ತಿಲ್ಲ. ಕಿಟ್ಟು ತರಿಸಿದ್ದು ಆ ವಾರವೇ.

ಮೊದಲ ಗಡಿಯಾರ ಅಂಟಿಸಿದ ದಿನ ಫೋನಿನಲ್ಲಿ ಹತ್ತಿರದಿಂದ ಫೋಟೋ ತೆಗೆದು, ಎರಡು ಬೆರಳಲ್ಲಿ ಹಿಗ್ಗಿಸಿ ಅವರ ಕೈಗೆ ಕೊಟ್ಟೆವು. ರಾಗಿ ಕಾಳು ಪರದೆಯ ತುಂಬ ಅಗಲವಾಗಿ, ಒಂದು ಕಾಲದಲ್ಲಿ ಅವರು ಕೈಯಲ್ಲಿ ಹಿಡಿಯುತ್ತಿದ್ದ ಅಳತೆಗೇ ಬಂದಿತ್ತು. ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. "ಇದು ಎತ್ತರದ್ದು" ಅಂದರು.

ಅಲ್ಲಿಂದ ಮುಂದೆ ಅವರೇ ಮೇಸ್ತ್ರಿ. ಎತ್ತರ ತೋರಿಸುವ ಗಡಿಯಾರ ನಿಜಕ್ಕೂ ಅಳೆಯುವುದು ಗಾಳಿಯ ಒತ್ತಡವನ್ನಂತೆ. ಮೇಲೆ ಹೋದಷ್ಟೂ ಒತ್ತಡ ಇಳಿಯುತ್ತದೆ, ಸೂಜಿ ಏರುತ್ತದೆ. ವೇಗದ ಗಡಿಯಾರ, ವಿಮಾನದ ಮೂತಿಯಲ್ಲಿ ಈಟಿಯ ಹಾಗೆ ಚಾಚಿರುವ ಕೊಳವೆಗೆ ನುಗ್ಗುವ ಗಾಳಿಯನ್ನು ಅಳೆಯುತ್ತದೆ. ರಷ್ಯಾದ ವಿಮಾನವಾದ್ದರಿಂದ ವೇಗ ಕಿಲೋಮೀಟರಿನಲ್ಲಿ, ಎತ್ತರ ಮೀಟರಿನಲ್ಲಿ. ವಿಮಾನ ನೆಲದ ಮೇಲಿರುವಾಗಲೇ ಕೊಳವೆಗೆ ಯಂತ್ರದಿಂದ ಗಾಳಿ ಕೊಟ್ಟು ಸೂಜಿ ಸರಿಯಾಗಿ ಏರಿ ಇಳಿಯುತ್ತದೆಯೇ ನೋಡಿ, ಪುಸ್ತಕದಲ್ಲಿ ಸಹಿ ಹಾಕುವುದು ಅವರ ಕೆಲಸವಾಗಿತ್ತು.

ಒಂದು ಸಂಜೆ "ಮಧ್ಯದಲ್ಲಿ ಬಿಳಿ ಗೆರೆ ಐತಾ?" ಅಂತ ಕೇಳಿದರು. ಇತ್ತು. ಹಸಿರುನೀಲಿ ಬಣ್ಣದ ಕಾಕ್‌ಪಿಟ್ಟಿನಲ್ಲಿ, ಗಡಿಯಾರಗಳ ಹಲಗೆಯ ನಡುವೆ ಮೇಲಿಂದ ಕೆಳಕ್ಕೆ ಒಂದು ಬಿಳಿ ಗೆರೆ. ವಿಮಾನ ಹಿಡಿತ ತಪ್ಪಿ ಬುಗುರಿಯ ಹಾಗೆ ಸುತ್ತುತ್ತಾ ಬೀಳುವಾಗ ಪೈಲಟ್‌ಗೆ ದಿಕ್ಕು ತೋಚುವುದಿಲ್ಲ. ಆಗ ಕೈಯಲ್ಲಿರುವ ಕೋಲನ್ನು ಆ ಗೆರೆಗೆ ನೇರ ಹಿಡಿಯಬೇಕು, ಅಷ್ಟೇ. ಅದಕ್ಕಾಗಿ ಆ ಗೆರೆ.

ಅವತ್ತು ಗೆರೆಯ ಡಿಕಾಲ್‌ಗೆ ದ್ರಾವಣ ಹಚ್ಚಿ, ಮುದುರು ಇಳಿಯಲೆಂದು ಕಾಯುತ್ತಿದ್ದೆವು. ಮಾಡಲು ಬೇರೆ ಕೆಲಸವಿರಲಿಲ್ಲ. ದೊಡ್ಡಪ್ಪ ಮಾತು ತೆಗೆದರು. ಅವರು ಸಹಿ ಹಾಕಿ ಕಳಿಸಿದ ಒಂದು ವಿಮಾನ ವಾಪಸ್ ಬರಲಿಲ್ಲ. ಪೈಲಟ್ ಉಳಿಯಲಿಲ್ಲ. ನಿಯಮದಂತೆ ಆ ವಿಮಾನದ ಪುಸ್ತಕಕ್ಕೆ ಕೂಡಲೇ ಸೀಲು ಹಾಕಿದರು. ವಿಚಾರಣೆ ಮುಗಿಯುವವರೆಗೆ ಇವರು ಪ್ರತಿ ರಾತ್ರಿ ಮನಸ್ಸಿನಲ್ಲೇ ಆ ಹಲಗೆಯ ಒಂದೊಂದು ಗಡಿಯಾರವನ್ನೂ ಬಿಚ್ಚಿ ಕೂರಿಸಿ ನೋಡಿದರಂತೆ. ಕಡೆಗೆ ಇಂಜಿನ್ನಿಗೆ ಹಕ್ಕಿ ಹೊಕ್ಕಿತ್ತು ಅಂತ ತಿಳಿಯಿತು. ಗಡಿಯಾರಗಳದ್ದೇನೂ ಇರಲಿಲ್ಲ.

"ಆದ್ರೂ ಬಿಚ್ಚಿ ನೋಡೋದು ನಿಲ್ಲಲಿಲ್ಲ" ಅಂದರು. ಯಾವ ಗಡಿಯಾರ ಎಲ್ಲಿ ಅಂತ ಇಷ್ಟು ವರ್ಷವಾದರೂ ಅವರಿಗೆ ಯಾಕೆ ಅಷ್ಟು ಚೆನ್ನಾಗಿ ನೆನಪಿತ್ತು ಅನ್ನುವುದು ನಮಗೆ ಆಗ ಗೊತ್ತಾಯಿತು. ಬಾಗಿಲಲ್ಲಿ ಕಾಫಿ ಹಿಡಿದು ನಿಂತಿದ್ದ ದೊಡ್ಡಮ್ಮ ಈ ಮಾತು ಕೇಳಿದ್ದು ಅದೇ ಮೊದಲು. ಏನೂ ಹೇಳದೆ ಲೋಟ ಇಟ್ಟು, ಅವರ ಪಕ್ಕ ಕೂತರು. ಗೆರೆ ಚಪ್ಪಟೆಯಾಗಿತ್ತು, ನೆಟ್ಟಗಿತ್ತು.

ಎಲ್ಲ ಗಡಿಯಾರಗಳ ಮೇಲೂ ಒಂದೊಂದು ಚುಕ್ಕೆ ಹೊಳಪಿನ ವಾರ್ನಿಷ್ ಬಿಟ್ಟೆವು, ಗಾಜಿನ ಹಾಗೆ ಕಾಣಲಿ ಅಂತ. ಈಗ ಉಳಿದಿರುವುದು ಮುಚ್ಚಳದ ಜಗಳ. ಈ ಮಾದರಿಯ ಮಿಗ್‌ನಲ್ಲಿ ಅದು ಬಲಗಡೆಗೆ ತೆರೆಯುತ್ತದೆ. ತೆರೆದೇ ಅಂಟಿಸೋಣ, ನೋಡುವವರಿಗೆ ಒಳಗಿನ ಕೆಲಸ ಕಾಣಲಿ ಅಂತ ನಾವು. ಮುಚ್ಚಬೇಕು ಅಂತ ದೊಡ್ಡಪ್ಪ. ಮುಚ್ಚಳ ಮುಚ್ಚಿತು ಅಂದರೆ ನೆಲದವರ ಕೆಲಸ ಮುಗಿಯಿತು, ವಿಮಾನ ಹೊರಟಿತು ಅಂತ ಲೆಕ್ಕವಂತೆ.

ಸದ್ಯ ಅಂಟಿಸದೆ ಹಾಗೇ ಕೂರಿಸಿದ್ದೇವೆ. ಶಾಲೆ ಮಕ್ಕಳು ನೋಡಲು ಬಂದಾಗ ತೆಗೆಯುತ್ತೇವೆ, ದೊಡ್ಡಪ್ಪ ಬಂದಾಗ ಮುಚ್ಚುತ್ತೇವೆ.